ವಾಡೆಯ ಮಗ್ಗುಲ ಮನೆಗಳು: ಮುಳವಾಡ ಸೀಮೆಯ ದುಡಿಯುವವರ ಕಲ್ಲುಮನೆಗಳನ್ನು ಕುರಿತು

ವಿಜಯಪುರದ ವಾಸ್ತುವನ್ನು ಕುರಿತು ಬರೆದವರಿಗೆ ಕೊರತೆಯಿಲ್ಲ. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಡನೆ ಇಲ್ಲಿಯ ಕಟ್ಟಡಗಳ ಚಿತ್ರಸಂಪುಟವೊಂದು ಹೊರಬಂದಿತು. 1916ರಲ್ಲಿ ಹೆನ್ರಿ ಕಸಿನ್ಸರ ಬೃಹದ್ಗ್ರಂಥ ಪುರಾತತ್ತ್ವ ಇಲಾಖೆಯಿಂದ ಪ್ರಕಟವಾಯಿತು. ಗೋಳಗುಮ್ಮಟದ ಭಾರವನ್ನು ಒಂದನ್ನೊಂದು ಛೇದಿಸುವ ಕಮಾನುಗಳು ಹೇಗೆ ಹೊತ್ತಿವೆ, ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನು ಹೇಗೆ ಹೆಣೆಯಲಾಗಿದೆ ಎಂಬುದನ್ನೆಲ್ಲ ಈ ಗ್ರಂಥಗಳ ಬೆಳಕಿನಲ್ಲಿ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಆದರೆ ಆ ಕಲ್ಲನ್ನು ಗಣಿಯಿಂದ ಎತ್ತಿದವರು, ಆ ಅರಸೊತ್ತಿಗೆಯ ಬೊಕ್ಕಸಕ್ಕೆ ಜೋಳ ಬೆಳೆದು ಅಳೆದವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂಬ ಪ್ರಶ್ನೆಯನ್ನು ವಾಸ್ತುಚರಿತ್ರೆ ಕೇಳಿದ್ದು ಅಪರೂಪ. ಪ್ರಸ್ತುತ ಲೇಖನದ ವಸ್ತು ಈ ಪ್ರಶ್ನೆಯೇ. ಇದನ್ನು ಜಿಲ್ಲೆಯ ರಾಜಧಾನಿಯಿಂದ ಬಿಡಿಸಿ, ಹಿಂದಿನ ಬಸವನಬಾಗೇವಾಡಿ ತಾಲ್ಲೂಕಿನ ಮುಳವಾಡದಂತಹ ಒಂದು ಹಳ್ಳಿಯ ನೆಲದಿಂದ ನೋಡುವುದು ಹೆಚ್ಚು ಫಲಪ್ರದವೆಂದು ನನ್ನ ಭಾವನೆ.

ಮುಳವಾಡದ ಹೆಸರು ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಆಲಮಟ್ಟಿ ಜಲಾಶಯದ ನೀರನ್ನು ಎತ್ತಿ ಹರಿಸುವ ಮುಳವಾಡ ಏತ ನೀರಾವರಿ ಯೋಜನೆಯಿಂದ. ಅದಕ್ಕೂ ಹಿಂದಿನವರಿಗೆ ವಿಜಯಪುರ–ಆಲಮಟ್ಟಿಗಳ ನಡುವಿನ ಒಂದು ಸಣ್ಣ ರೈಲು ನಿಲ್ದಾಣದಿಂದ. ಭೂವಿಜ್ಞಾನದ ದೃಷ್ಟಿಯಿಂದ ಇದು ದಖನ್ ಪ್ರಸ್ಥಭೂಮಿಯ ಲಾವಾ ಹಾಸಿನ ದಕ್ಷಿಣದ ಅಂಚು. ಇಂಡಿ, ಸಿಂದಗಿ, ಬಾಗೇವಾಡಿಗಳ ಬಹುಭಾಗ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಕುಳಿತಿದೆ. ಮುದ್ದೇಬಿಹಾಳದ ಕಡೆಗೆ ಸರಿದಂತೆ ಆ ಹಾಸು ತೆಳುವಾಗಿ, ಕೆಳಗಿನ ಹಳೆಯ ಶಿಲೆಗಳು ತಲೆಯೆತ್ತುತ್ತವೆ. ತಾಳಿಕೋಟೆಯ ಸುತ್ತ ಪದರಪದರವಾಗಿ ಏಳುವ ಸುಣ್ಣಕಲ್ಲು ಸಿಗುತ್ತದೆ. ಈ ಶಿಲಾಭೇದವೇ ಮನೆಯ ಭೇದಕ್ಕೂ ಮೊದಲ ಕಾರಣ. ಪದರಗಲ್ಲು ಸಿಗುವಲ್ಲಿ ಬಡವನ ಮನೆಯ ನೆಲಕ್ಕೂ ಪರ್ಸಿ ಬರುತ್ತದೆ, ಬೆಳಕಿಂಡಿಯ ಮೇಲೆ ಮುಚ್ಚಲು ಒಂದು ಚಪ್ಪಡಿ ದೊರೆಯುತ್ತದೆ. ಬಸಾಲ್ಟಿನ ನಾಡಿನಲ್ಲಿ ಅದಿಲ್ಲ. ಇಲ್ಲಿಯ ಕಲ್ಲು ಉರುಟಾಗಿ ಸವೆದು ಗುಂಡುಗಳಾಗಿ ಬಿಡಿಸಿಕೊಳ್ಳುತ್ತದೆ. ಉಳಿಗೆ ಬಗ್ಗುವುದು ಕಷ್ಟ, ಬಗ್ಗಿಸಲು ಕೂಲಿ ಬೇಕು. ಕಟೆದ ಕಲ್ಲು ಇಲ್ಲಿ ಹಣದ ಗುರುತು. ಹೊಲದಿಂದ ಆಯ್ದ ಕಲ್ಲು ದುಡಿಮೆಯ ಗುರುತು.

ಚರ್ಚೆಯನ್ನು ಪದಗಳಿಂದ ಆರಂಭಿಸಬಹುದು. ದುಡಿಯುವವರ ಮನೆಗಳ ಬಗ್ಗೆ ಶಿಲೆ ಹೇಳದ ಎಷ್ಟೋ ಸಂಗತಿಗಳನ್ನು ಭಾಷೆ ಕಾಪಾಡಿಕೊಂಡು ಬಂದಿದೆ. 'ಗುಡಿ' ಮತ್ತು 'ಗುಡಿಸಲು' ಒಂದೇ ಮೂಲದ ಪದಗಳು. ದೇವರ ಮನೆಗೂ ಬಡವನ ಮನೆಗೂ ಒಂದೇ ಹೆಸರಿದ್ದ ಕಾಲವೊಂದಿತ್ತು. ಕ್ರಮೇಣ ಒಂದು ಕಲ್ಲಾಯಿತು, ಇನ್ನೊಂದು ಹುಲ್ಲಾಗಿಯೇ ಉಳಿಯಿತು. 'ಮಾಳಿಗೆ' ಎಂಬ ಪದವನ್ನು ಹಳಗನ್ನಡ ಕಾವ್ಯಗಳಲ್ಲಿ ಓದುವ ವಿದ್ಯಾರ್ಥಿಗೆ ಅರಮನೆಯ ಮೇಲಂತಸ್ತೂ ಅಲ್ಲಿಂದ ಬೀದಿಯನ್ನು ನೋಡುವ ಪುರಾಂಗನೆಯರೂ ನೆನಪಾಗುತ್ತಾರೆ. ವಿಜಯಪುರ ಸೀಮೆಯಲ್ಲಿ ಅದೇ ಪದ ಮಣ್ಣಿನ ಚಪ್ಪಟೆ ಮೇಲ್ಚಾವಣಿಯ ಹೆಸರು. ಕೂಲಿಯ ಹೆಣ್ಣುಮಗಳು ಮೆಣಸಿನಕಾಯಿ ಒಣಹಾಕುವುದು, ಬೇಸಗೆಯ ರಾತ್ರಿ ಮಕ್ಕಳೊಡನೆ ಮಲಗುವುದು ಈ ಮಾಳಿಗೆಯ ಮೇಲೆ. 'ಮಾಡ' ಎಂಬುದಕ್ಕೆ ಕಾವ್ಯದಲ್ಲಿ ಉಪ್ಪರಿಗೆಮನೆ ಎಂಬ ಅರ್ಥ. ಇಲ್ಲಿಯ ಆಡುಮಾತಿನಲ್ಲಿ ಅದು ಗೋಡೆಯಲ್ಲಿ ದೀಪವಿಡುವ ಗೂಡು. 'ಕೇರಿ' ಹಿಂದೆ ಯಾವ ಜನದ ಬೀದಿಗಾದರೂ ಸಲ್ಲುತ್ತಿದ್ದ ಪದ. ಇಂದು ಹಳ್ಳಿಯಲ್ಲಿ ವಿಶೇಷಣವಿಲ್ಲದೆ 'ಕೇರಿ' ಎಂದರೆ ಯಾರ ವಾಸಸ್ಥಾನ ಸೂಚಿತವಾಗುತ್ತದೆಂಬುದು ಎಲ್ಲರಿಗೂ ತಿಳಿದಿದೆ. ಪದದ ಅರ್ಥ ಸಂಕುಚಿತವಾದದ್ದನ್ನು ಭಾಷಾವಿಜ್ಞಾನದ ಒಂದು ಉದಾಹರಣೆಯಾಗಿ ಮಾತ್ರ ಪಾಠ ಮಾಡಿ ಮುಗಿಸುವುದು ಸಾಲದು. ಒಂದು ಜನವನ್ನು ಊರಿನ ಅಂಚಿಗೆ ತಳ್ಳಿದ ಚರಿತ್ರೆಯೂ ಅದರೊಳಗಿದೆ.

ಒಡೆತನದವರು ಕೊಟ್ಟ ವಸತಿಯ ಕಲ್ಪನೆ ಈ ನೆಲಕ್ಕೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅಂದು ಪಾವಿಟ್ಟಗೆ ಎನಿಸಿದ್ದ ಆ ಊರಿನಲ್ಲಿ ಕೃಷ್ಣನ ಮಂತ್ರಿ ನಾರಾಯಣನು ಒಂದು ಶಾಲೆಯನ್ನು ಸ್ಥಾಪಿಸಿದನು. ಬೇರೆ ಬೇರೆ ಜನಪದಗಳಿಂದ ಬಂದು ಓದುವ ವಿದ್ಯಾರ್ಥಿಗಳಿಗಾಗಿ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ಹೂದೋಟಕ್ಕೆ 4 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಹಾಗೂ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು ದಾನವಾಗಿ ಬಂದವು. ಕನ್ನಡ ನಾಡಿನ ಶಿಕ್ಷಣಚರಿತ್ರೆಯಲ್ಲಿ ಈ ಶಾಸನಕ್ಕೆ ಸಲ್ಲಬೇಕಾದ ಸ್ಥಾನ ಸಂದಿದೆ. ವಾಸ್ತುಚರಿತ್ರೆಯಲ್ಲಿ ಸಂದಿಲ್ಲ. ಒಂದು ಸಂಸ್ಥೆಯು ತನ್ನವರಿಗಾಗಿ ಎಣಿಸಿ ಮನೆಗಳನ್ನು ಒದಗಿಸಿದ ಇಷ್ಟು ಹಳೆಯ ಲೆಕ್ಕ ನಮ್ಮಲ್ಲಿ ವಿರಳ. ಕಂಬ ಉಳಿದಿದೆ, ಮನೆಗಳು ಉಳಿದಿಲ್ಲ. ಅಲ್ಲದೆ 500 ನಿವರ್ತನ ನೆಲ ತಾನೇ ಉತ್ತುಕೊಳ್ಳುವುದಿಲ್ಲ. ಲೆಕ್ಕಕ್ಕೆ ಸಿಕ್ಕಿರುವ ಮನೆಗಳು ಓದುವವರವು, ಉಳುವವರವಲ್ಲ.

ಇದೇ ನೋಟವನ್ನು ಇಟ್ಟುಕೊಂಡು ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಬೇಕು. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 11, 15, 18, 20ನೆಯ ಸಂಪುಟಗಳಲ್ಲಿ ಬಾಂಬೆ–ಕರ್ನಾಟಕದ ಶಾಸನಗಳು ಸಂಗ್ರಹವಾಗಿವೆ. ದೇಗುಲಕ್ಕಾಗಲಿ ಬಸದಿಗಾಗಲಿ ದತ್ತಿ ಬಿಡುವಾಗ ಮತ್ತರಿನ ಲೆಕ್ಕದಲ್ಲಿ ಕೆಯ್, ಜೊತೆಗೆ ತೋಂಟ, ಗಾಣ, ಮನೆಯ ನಿವೇಶನ ಎಂದು ಪಟ್ಟಿ ಸಾಗುವುದು ಸಾಮಾನ್ಯ. ನಿವೇಶನದ ಅಗಲ, ನೀಳಗಳನ್ನು ಕೈಯಳತೆಯಲ್ಲಿ ಹೇಳುವ ಶಾಸನಗಳೂ ಉಂಟು. ಹೂ ಕಟ್ಟುವವನು, ವಾದ್ಯ ನುಡಿಸುವವನು, ಎಣ್ಣೆ ಒದಗಿಸುವವನು ಇವರಿಗೆ ಮನೆ ದೊರೆಯುತ್ತಿದ್ದುದು ಸೇವೆಯ ಫಲವಾಗಿ, ಸೇವೆ ನಡೆಯುವವರೆಗೆ. ಮನೆಗೆ ಕಂದಾಯವೂ ಇತ್ತು. ಮನೆವಣ ಎಂಬ ತೆರಿಗೆಯ ಹೆಸರು ಶಾಸನಾಭ್ಯಾಸಿಗಳಿಗೆ ಪರಿಚಿತ. ನಾವು ಈ ದತ್ತಿಗಳನ್ನು ಧರ್ಮದ ಇತಿಹಾಸಕ್ಕಾಗಿ ಓದುತ್ತೇವೆ, ಆಚಾರ್ಯಪರಂಪರೆಗಾಗಿ ಓದುತ್ತೇವೆ. ಯಾವ ಮುನಿಗೆ ಯಾವ ಗಣ, ಯಾವ ಗಚ್ಛ ಎಂಬುದರಲ್ಲಿ ತೋರುವ ಶ್ರದ್ಧೆಯ ಹತ್ತರಲ್ಲೊಂದು ಪಾಲನ್ನು ಆ ನಿವೇಶನಗಳ ಅಳತೆಯಲ್ಲಿ ತೋರಿದ್ದರೆ, ಹನ್ನೆರಡನೆಯ ಶತಮಾನದ ಸೇವಕವರ್ಗ ಎಷ್ಟು ಜಾಗದಲ್ಲಿ ಬಾಳಿತೆಂಬುದರ ಒಂದು ನಕ್ಷೆ ಇಷ್ಟರಲ್ಲಿ ಸಿದ್ಧವಾಗುತ್ತಿತ್ತು.

ಆದಿಲಶಾಹಿಯ ಕಾಲದಿಂದ ಈಚೆಗೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ದೇಸಾಯಿ, ದೇಶಪಾಂಡೆ, ನಾಡಗೌಡರೆಂಬ ವತನದಾರರು ಪರಗಣೆಯ ಕಂದಾಯ ಎತ್ತಿಕೊಡುವ ಅಧಿಕಾರಿಗಳಾಗಿ ಬೆಳೆದು, ಮರಾಠರ ಮತ್ತು ಬ್ರಿಟಿಷರ ಆಳ್ವಿಕೆಯಲ್ಲೂ ಇನಾಮು ಭೂಮಿಗಳೊಡನೆ ಮುಂದುವರಿದರು. ಅವರ ವಾಸಸ್ಥಾನ ವಾಡೆ. ಎತ್ತರದ ಕಲ್ಲಿನ ಹೊರಗೋಡೆ, ಅಗಸೆಯಂತಹ ಮಹಾದ್ವಾರ, ಹೊರ ಅಂಗಳ, ಕಂಬಸಾಲಿನ ಒಳ ಅಂಗಳ. ಹಲವೆಡೆ ಕಾವಲಿಗೆ ಹುಡೇವು. ವಾಡೆಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಒಳ ಅಂಗಳದ ಕೆತ್ತನೆಯ ಬೋದಿಗೆಗಳ ಮುಂದೆ ನಿಲ್ಲುತ್ತಾರೆ. ನಮ್ಮ ವಿಷಯ ಇರುವುದು ಹೊರ ಅಂಗಳದಲ್ಲಿ. ಕುದುರೆಯ ಪಾಗಾ, ದನಗಳ ಕೊಟ್ಟಿಗೆ, ಕಣಕಿಯ ಬಣವೆ, ಇವುಗಳ ಸಾಲಿನಲ್ಲಿಯೇ ಹೊರಗೋಡೆಗೆ ಒರಗಿಸಿ ಕಟ್ಟಿದ ಸಣ್ಣ ಕೋಣೆಗಳು. ಹಿಂಬದಿಯ ಗೋಡೆ ಒಡೆಯನದು, ಕಟೆದ ಕಲ್ಲಿನದು. ಮುಂಬದಿಯ ಮತ್ತು ಮಗ್ಗುಲಿನ ಗೋಡೆಗಳು ಮಣ್ಣು ಮೆತ್ತಿದ ಗುಂಡುಗಲ್ಲಿನವು. ಒಂದೇ ಕೋಣೆಯಲ್ಲಿ ಎರಡು ಬಗೆಯ ಕಟ್ಟಣೆ ಕಂಡರೆ, ಅಲ್ಲಿ ಇಬ್ಬರ ಲೆಕ್ಕ ಸೇರಿದೆ ಎಂದು ತಿಳಿಯಬೇಕು. ಜೀತದಾಳಿಗೆ ಎಷ್ಟೋ ಕಡೆ ಈ ಕೋಣೆಯೂ ಇರಲಿಲ್ಲ. ಅವನು ಕೊಟ್ಟಿಗೆಯಲ್ಲಿ ಎತ್ತುಗಳ ಮಗ್ಗುಲಲ್ಲೇ ಮಲಗುತ್ತಿದ್ದನು. ನಡುರಾತ್ರಿ ಎದ್ದು ಮೇವು ಹಾಕುವವನಿಗೆ ಗೋದಲಿಯ ಹತ್ತಿರ ಮಲಗುವುದೇ ಅನುಕೂಲವೆಂಬುದು ಒಡೆಯನ ವಾದ.

ವಾಡೆಯಿಂದ ಹೊರಗೆ ತಳವಾರ, ವಾಲಿಕಾರ, ಬಾರಿಕೇರ ಮೊದಲಾದ ಊರಸೇವಕರ ಮನೆಗಳು. ಭೂಮಿಯ ಸನದು ಪಡೆದು ಕಾವಲು ಕಾಯುತ್ತಿದ್ದ ಶೇತಸನದಿಗಳ ಮನೆಗಳೂ ಅಲ್ಲಿಯೇ. ಇವು ವಾಡೆಯ ಗೋಡೆಗೆ ಅಂಟಿದವಲ್ಲ, ಆದರೂ ಅದರ ನೆರಳಿನಿಂದ ದೂರವಲ್ಲ. ಊರು ಕುಳಿತ ಗರಸಿನ ದಿನ್ನೆಯ ನೆತ್ತಿಯಲ್ಲಿ ವಾಡೆ ಇದ್ದರೆ, ಇಳಿಜಾರಿನಲ್ಲಿ ಒಕ್ಕಲಿನವರ ಮನೆಗಳು, ಕಪ್ಪುಮಣ್ಣು ಆರಂಭವಾಗುವ ಅಂಚಿನಲ್ಲಿ ಕೂಲಿಯವರ ಕೇರಿಗಳು. ಈ ಇಳಿಜಾರು ಬರಿಯ ಸಾಮಾಜಿಕ ರೂಪಕವಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಗರಸಿನ ಮೇಲೆ ಅಡಿಪಾಯ ಹಾಕಿದವನ ಮನೆ ಮೂರು ತಲೆಮಾರು ನಿಲ್ಲುತ್ತದೆ. ಕಟ್ಟುವ ಕೌಶಲ ಇಬ್ಬರಿಗೂ ಸಮನಾಗಿದ್ದರೂ ನೆಲ ಸಮನಾಗಿರಲಿಲ್ಲ.

ಇನ್ನು ಮನೆಯ ಒಳಗಿನ ರಚನೆ. ಈ ಸೀಮೆಯ ಮನೆಯ ಅಳತೆಯ ಮೂಲಮಾನ ಅಂಕಣ, ಅಂದರೆ ಎರಡು ತೊಲೆಗಳ ನಡುವಣ ಅವಕಾಶ. ಪತ್ರಿಕೆಯ ಅಂಕಣ ಓದುವವರಿಗೆ ಇದು ಕೌತುಕವೆನಿಸಬಹುದು. ಎರಡು ಗೆರೆಗಳ ನಡುವಣ ಬರಹಕ್ಕೆ ಕನ್ನಡವು ಎರಡು ಕಂಬಗಳ ನಡುವಣ ಜಾಗದ ಹೆಸರನ್ನೇ ಇಟ್ಟಿತು. ಅಂಕಣದ ಅಗಲವನ್ನು ನಿರ್ಧರಿಸಿದ್ದು ಶಿಲ್ಪಶಾಸ್ತ್ರವಲ್ಲ, ಮರ. ಮರಗಳೇ ವಿರಳವಾದ ಈ ಬಯಲಿನಲ್ಲಿ ಬಡವನಿಗೆ ದಕ್ಕುವುದು ಜಾಲಿ ಮತ್ತು ಬೇವು. ನೆಟ್ಟಗಿನ ಜಾಲಿಯ ತುಂಡು ಆರೇಳು ಅಡಿ ದಾಟುವುದು ಅಪರೂಪ. ಆದ್ದರಿಂದ ಅಂಕಣವೂ ಅಷ್ಟೇ. ಪಶ್ಚಿಮಘಟ್ಟದ ಸಾಗವಾನಿ ತರಿಸಬಲ್ಲ ವಾಡೆಯವರ ಅಂಕಣ ಅಗಲವಾಯಿತು, ಕೂಲಿಯವನದು ಇಕ್ಕಟ್ಟಾಯಿತು. ಜನಪದದ ಹಾಡು–ಕಥೆಗಳಲ್ಲಿ ಸಿರಿತನವನ್ನು ಹನ್ನೆರಡಂಕಣದ ಮನೆಯೆಂದು ಎಣಿಸಿ ಹೇಳುವುದು ಈ ಕಾರಣದಿಂದಲೇ. ಅಲ್ಲಿ ಸಂಖ್ಯೆ ಅಲಂಕಾರಕ್ಕೆ ಬಂದದ್ದಲ್ಲ, ಆಸ್ತಿಯ ಲೆಕ್ಕ.

ಒಕ್ಕಲಿಗನ ಮನೆಯಲ್ಲಿ ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಜಾಗವಾದ ದಂದಕ್ಕಿ, ಅದರಿಂದ ಒಂದೆರಡು ಮೆಟ್ಟಿಲ ಎತ್ತರದಲ್ಲಿ ಪಡಸಾಲೆ, ಅದರಾಚೆ ನಡುಮನೆ ಮತ್ತು ಅಡಿಗೆಮನೆ. ದನವೂ ಜನವೂ ಒಂದೇ ಮಾಳಿಗೆಯಡಿ. ಹೊರಗಿನವರು ಇದನ್ನು ಅನಾರೋಗ್ಯಕರವೆಂದು ಹಳಿದಿದ್ದಾರೆ. ಕಳ್ಳತನದ ಭಯ, ಚಳಿಗಾಲದಲ್ಲಿ ದನದ ಮೈಶಾಖ, ಜೋಡೆತ್ತಿನ ಬೆಲೆ ಇವುಗಳನ್ನು ತಿಳಿದವರು ಹಾಗೆ ಹಳಿಯಲಾರರು. ಕೂಲಿಯವನ ಮನೆಯಲ್ಲಿ ದಂದಕ್ಕಿ ಇಲ್ಲ. ಅವನಿಗೆ ಸ್ವಂತದ ಎತ್ತು ಇರಲಿಲ್ಲ. ಇದ್ದುದು ಒಂದು ಅಥವಾ ಎರಡು ಅಂಕಣ, ಒಂದು ಬಾಗಿಲು, ಮೇಲೆ ಒಂದು ಬೆಳಕಿಂಡಿ. ಗೋಡೆಯಲ್ಲಿ ಕಿಟಕಿ ಇಲ್ಲದಿರುವುದಕ್ಕೂ ಕಾರಣವಿದೆ. ಗುಂಡುಗಲ್ಲಿನ ಗೋಡೆಯಲ್ಲಿ ಕಿಂಡಿ ಬಿಡಬೇಕಾದರೆ ಮೇಲೆ ಉದ್ದನೆಯ ಕಲ್ಲೋ ಮರವೋ ಬೇಕು. ಮಾಳಿಗೆಯಲ್ಲಿ ತೂತು ಬಿಡುವುದು ಅಗ್ಗ. ಒಲೆಯ ಹೊಗೆ ಹೋಗುವುದೂ ಬೆಳಕು ಬರುವುದೂ ಅದೊಂದರಿಂದಲೇ. ಆ ಮನೆಯಲ್ಲಿ ನಿಜವಾಗಿ ಕಟೆದ ಕಲ್ಲು ಎಂದರೆ ನೆಲದಲ್ಲಿ ಹೂತ ಒಳಕಲ್ಲು ಮತ್ತು ಮೂಲೆಯ ಬೀಸುಕಲ್ಲು, ಎರಡೂ ಹೆಣ್ಣಿನ ದುಡಿಮೆಯ ಉಪಕರಣಗಳು. ಗೋಡೆಗೆ ಕಾಲಕಾಲಕ್ಕೆ ಮಣ್ಣು ಮೆತ್ತುವುದು, ನೆಲಕ್ಕೆ ಸೆಗಣಿಯ ಸಾರಣೆ, ಹಬ್ಬಕ್ಕೆ ಸುಣ್ಣ–ಕೆಮ್ಮಣ್ಣಿನ ಅಂಚು ಎಲ್ಲವೂ ಅವಳವೇ. ಕಲ್ಲುಮನೆಯೆಂದು ನಾವು ಕರೆಯುವ ಕಟ್ಟಡವನ್ನು ವರ್ಷದಿಂದ ವರ್ಷಕ್ಕೆ ನಿಲ್ಲಿಸಿಟ್ಟದ್ದು ಬಹುಮಟ್ಟಿಗೆ ಅವಳ ಕೈಯ ಮಣ್ಣು.

ಮೇಲ್ಮುದ್ದೆಯ ರಚನೆ ಈ ಪರಂಪರೆಯ ನಿಜವಾದ ಶಾಸ್ತ್ರ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ತೊಗರಿಕಟ್ಟಿಗೆ, ಅದರ ಮೇಲೆ ಹುಳು ಹಿಡಿಯದಂತೆ ಬೇವಿನ ಸೊಪ್ಪು, ಬಳಿಕ ಹದವಾಗಿ ಕಲಸಿ ತುಳಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳುಮಣ್ಣಿನ ಹೊದಿಕೆ. ಬೆಳೆಗೆ ಶತ್ರುವಾದ ಈ ಉಪ್ಪುಮಣ್ಣು ಮನೆಗೆ ಮಿತ್ರ. ಒದ್ದೆಯಾದಾಗ ಅದು ಕಣಕಣವಾಗಿ ಬಿಡಿಸಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ, ನೀರು ಕೆಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಉಪ್ಪುನೀರಿನ ಡೋಣಿ ನದಿಯ ಕೊಳ್ಳದಲ್ಲಿ ಇಂಥ ಮಣ್ಣಿಗೆ ಬರವಿಲ್ಲ. ಕೃಷಿಗೆ ಹಾಳೆಂದು ಬಿಟ್ಟ ನೆಲದಿಂದ ಮೃಗಶಿರದ ಮಳೆಗೆ ಮುಂಚೆ ಬುಟ್ಟಿಗಳಲ್ಲಿ ಹೊತ್ತು ತಂದು ಮಾಳಿಗೆಗೆ ಹಾಕುವುದು ವರ್ಷಕ್ಕೊಮ್ಮೆಯ ಕಟ್ಟಳೆ. ಸುಮಾರು 600 ಮಿಲಿಮೀಟರು ಮಳೆಯ ನಾಡಿಗೆ ಇದು ಸಾಕು. ಮಲೆನಾಡಿನಲ್ಲಿ ಒಂದು ವಾರವೂ ನಿಲ್ಲದು. ಬೇಸಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಒಳಗಿನ ತಂಪನ್ನು ಕಾಯುವುದೂ ಈ ಮಣ್ಣಿನ ದಪ್ಪವೇ. ಮರಾಠಿಯ ನೆರೆನಾಡಿನಲ್ಲಿ ಇದೇ ಮಾಳಿಗೆಗೆ ಮಾಳವದವೆಂದು ಹೆಸರು, ಅಂಕಣಕ್ಕೆ ಖಣ. ಮಾಳವದಕ್ಕೂ ಮುಳವಾಡಕ್ಕೂ ಇರುವ ಧ್ವನಿಸಾಮ್ಯವನ್ನು ನೋಡಿ ಸ್ಥಳನಾಮದ ವ್ಯುತ್ಪತ್ತಿಗೆ ಕೈಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಹಾಕದಿರುವುದು ಲೇಸು.

ಕಲ್ಲಿನ ಕೆಲಸ ಬಲ್ಲವರು ವಡ್ಡರು. ಅವರಲ್ಲಿಯೇ ಕಲ್ಲುವಡ್ಡರು, ಮಣ್ಣುವಡ್ಡರು ಎಂಬ ಭೇದವುಂಟು. ವಾಡೆಯ ಹೊರಗೋಡೆಯಾಗಲಿ ಬಾವಿಯ ಮೆಟ್ಟಿಲಾಗಲಿ ಅವರ ಉಳಿ–ಸುತ್ತಿಗೆಯಿಲ್ಲದೆ ಆಗಲಿಲ್ಲ. ಕೆಲಸವಿದ್ದಲ್ಲಿಗೆ ಸಂಸಾರಸಮೇತ ಹೋಗುತ್ತಿದ್ದ ಅವರ ವಸತಿ ಮಾತ್ರ ತಟ್ಟಿಯ, ಚಾಪೆಯ ಗುಡಿಸಲು. ಜಿಲ್ಲೆಯ ಅತ್ಯಂತ ಗಟ್ಟಿ ಗೋಡೆಗಳನ್ನು ಕಟ್ಟಿದವರ ಮನೆಗಳು ಒಂದು ದಿನದಲ್ಲಿ ಸುತ್ತಿಕೊಂಡು ಎತ್ತಿನ ಮೇಲೆ ಹೇರಬಹುದಾದವು. ಆದ್ದರಿಂದ ಉಳಿದ ಕಟ್ಟಡವನ್ನೇ ಆಧಾರವಾಗಿಟ್ಟುಕೊಂಡು ಬರೆದ ವಾಸ್ತುಚರಿತ್ರೆಯಲ್ಲಿ ಅವರು ಕರ್ತೃಗಳಾಗಿ ಎಲ್ಲೆಡೆ ಇರುತ್ತಾರೆ, ವಾಸಿಗಳಾಗಿ ಎಲ್ಲಿಯೂ ಇರುವುದಿಲ್ಲ.

ಈ ಮನೆಗಳ ಬಗ್ಗೆ ಹಳಹಳಿಕೆಯಿಂದ ಬರೆಯುವ ರೂಢಿ ಈಚೆಗೆ ಹೆಚ್ಚಿದೆ. ತಂಪು, ಪರಿಸರಸ್ನೇಹಿ, ದೇಸಿ ಎಂಬ ವಿಶೇಷಣಗಳು ಧಾರಾಳವಾಗಿ ಸಿಗುತ್ತವೆ. ಅದಕ್ಕೆ 1993ರ ಸೆಪ್ಟೆಂಬರ್ 30ರ ನಸುಕನ್ನು ಎದುರಿಗಿಡಬೇಕು. ಅಂದು ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ನಡೆದ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಇಂಥ ಮನೆಗಳಲ್ಲಿಯೇ. ಎರಡು ಮುಖಗಳನ್ನು ಬೇರೆಬೇರೆಯಾಗಿ ಕಟ್ಟಿ ನಡುವೆ ಜಲ್ಲಿ–ಮಣ್ಣು ತುಂಬಿದ ದಪ್ಪ ಗೋಡೆಯಲ್ಲಿ, ಎರಡೂ ಮುಖಗಳನ್ನು ಮುಟ್ಟುವ ಉದ್ದಗಲ್ಲುಗಳನ್ನು ಇಡದಿದ್ದರೆ, ನೆಲ ಅಲುಗಿದಾಗ ಮುಖಗಳು ಬಿಡಿಸಿಕೊಂಡು ಹೊರಚೆಲ್ಲುತ್ತವೆ. ಮೇಲಿನ ಮಣ್ಣಿನ ಭಾರ ಕೆಳಗಿದ್ದವರ ಮೇಲೆ ಇಳಿಯುತ್ತದೆ. ಭೂಕಂಪದ ಬಳಿಕ ಅಭ್ಯಾಸ ಮಾಡಿದ ಅಭಿಯಂತರರು ಇನ್ನೊಂದನ್ನೂ ಗಮನಿಸಿದರು: ಮಾಳಿಗೆಯ ಭಾರವನ್ನು ಗೋಡೆ ಹೊರದೆ ಮರದ ಕಂಬಗಳು ಹೊತ್ತ ಮನೆಗಳಲ್ಲಿ, ಕಂಬ–ತೊಲೆಗಳ ಬೆಸುಗೆ ಗಟ್ಟಿಯಿದ್ದೆಡೆ, ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳುಂಟು. ಕಂಬಕ್ಕೆ ಮರ ಬೇಕು, ಮರಕ್ಕೆ ಹಣ ಬೇಕು. ತೊಲೆಯನ್ನು ನೇರವಾಗಿ ಗೋಡೆಯ ಮೇಲಿಟ್ಟವನು ಬಡವ. ಒಂದೇ ವಾಸ್ತುಪರಂಪರೆಯೊಳಗೆ ಬದುಕುಳಿಯುವ ಸಾಧ್ಯತೆಯೂ ಅಂಕಣದ ಲೆಕ್ಕದಲ್ಲಿ ಹಂಚಿಕೆಯಾಗಿತ್ತು ಎಂಬುದನ್ನು ಮರೆತು ಮಾಡುವ ಪ್ರಶಂಸೆ ನನಗೆ ಒಗ್ಗುವುದಿಲ್ಲ.

ಕಾಗದದ ಮೇಲೆ ನಕ್ಷೆ ಬರೆದು, ನೌಕರರಿಗೆಂದೇ ಕಲ್ಲುಮನೆ ಕಟ್ಟುವ ಪದ್ಧತಿ ಈ ಸೀಮೆಗೆ ಬಂದದ್ದು ರೈಲಿನೊಡನೆ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಬರಿದು ಮಾಡಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಧಾನ್ಯ ಸಾಗಿಸುವ ದಾರಿಯಿಲ್ಲದ್ದೇ ಸಾವಿಗೆ ಕಾರಣವೆಂದು ಸರಕಾರ ಬಗೆದು, ಬರನಿವಾರಣೆಯ ರೈಲುಮಾರ್ಗಗಳನ್ನು ಯೋಜಿಸಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ 1884ರಿಂದ ತೆರೆದುಕೊಂಡಿತು. ಮುಳವಾಡ ಅದರ ಮೇಲೆಯೇ ಇದೆ. ಹಳಿ ಕಾಯುವ ಗ್ಯಾಂಗಿನವರಿಗೆ ಮಾರ್ಗದುದ್ದಕ್ಕೂ ಅಲ್ಲಲ್ಲಿ ಚಾಳಗಳು ಎದ್ದವು. ವಾಡೆಯ ಕೋಣೆಗಳೊಡನೆ ಇವನ್ನು ಹೋಲಿಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಇಲ್ಲಿ ಮೂಲೆಗಲ್ಲುಗಳು ಚೌಕವಾಗಿ ಕಟೆದವು, ಸುಣ್ಣದ ಗಾರೆಯ ಕಟ್ಟಣೆ, ಎಲ್ಲ ಕೋಣೆಗಳೂ ಒಂದೇ ಅಳತೆಯವು, ಬಾಗಿಲಿಗೆ ಸಂಖ್ಯೆ. ಅಂಕಣದ ಜಾಗಕ್ಕೆ ಅಡಿ–ಅಂಗುಲ ಬಂದಿತು. ಜಾತಿಯ ಅಂತರ ಒಂದೇ ಗೋಡೆಯ ಈಚೆ–ಆಚೆಗೆ ಬಂದು ನಿಂತಿತು, ಅಳಿಯಿತೆಂದು ಹೇಳಲಾರೆ. ಆದರೆ ಊರಿನ ದಿನ್ನೆಯ ಮೇಲಿನ ಏರಿಳಿತದಂತೆ ಅದನ್ನು ನೆಲದಲ್ಲಿಯೇ ಓದಲು ಇಲ್ಲಿ ಬರುವುದಿಲ್ಲ. 2008ರ ಹೊತ್ತಿಗೆ ಈ ಮಾರ್ಗ ಬ್ರಾಡ್‌ಗೇಜ್ ಆಯಿತು. ಯಂತ್ರಗಳು ಬಂದು ಗ್ಯಾಂಗಿನ ಜೀವನಕ್ರಮವೇ ಬದಲಾಯಿತು.

ಇಂಥ ವಸತಿಯ ಸ್ವಭಾವವನ್ನು ಅರಿಯಲು ಹೊರಗಿನ ಉದಾಹರಣೆಗಳೂ ನೆರವಾಗುತ್ತವೆ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನಲ್ಲಿ 1786ರಿಂದ, ಇಂಗ್ಲೆಂಡಿನ ಸಾಲ್ಟೇರಿನಲ್ಲಿ 1850ರ ದಶಕದಿಂದ ಗಿರಣಿಯ ಒಡೆಯರು ಕೆಲಸಗಾರರಿಗಾಗಿ ಕಲ್ಲಿನ ಮನೆಗಳ ಸಾಲುಗಳನ್ನು ಕಟ್ಟಿದರು. ಎರಡೂ ಇಂದು ವಿಶ್ವಪರಂಪರೆಯ ತಾಣಗಳು. ನಮ್ಮಲ್ಲಿ 1887ರಲ್ಲಿ ಆರಂಭವಾದ ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ವಸತಿ, ಕೊಡಗು–ಚಿಕ್ಕಮಗಳೂರುಗಳ ಕಾಫಿತೋಟದ ಲೈನ್‌ಮನೆಗಳು, ಕೋಲಾರದ ಚಿನ್ನದ ಗಣಿಯ ಸಾಲುಮನೆಗಳು ಇದೇ ಜಾತಿಗೆ ಸೇರಿದವು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಜಮೀನ್ದಾರನ ಎಸ್ಟೇಟಿನ ಕೂಲಿಗೆ ಕೆಲಸದೊಡನೆ ಮನೆ ಬರುತ್ತಿತ್ತು, ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಹೊರಗಿನಿಂದ ನೋಡುವವನಿಗೆ ಅವು ಹೂಬಳ್ಳಿ ಹಬ್ಬಿದ ಸುಂದರ ಕಲ್ಲುಮನೆಗಳು; ಒಳಗಿದ್ದವನಿಗೆ ಬಾಯಿ ಮುಚ್ಚಿಸುವ ಬೀಗ. ಅಲ್ಲಿಯ ಕೃಷಿಕೂಲಿಗಳಿಗೆ ಇಂಥ ಮನೆಯಿಂದ ಹೊರಹಾಕದಂತೆ ರಕ್ಷಣೆ ನೀಡಿದ ಕಾಯಿದೆ ಬಂದದ್ದು 1976ರಲ್ಲಿ. ಭಾರತದ ಸಂಸತ್ತು ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಮಾಡಿದ್ದೂ ಅದೇ ವರ್ಷ.

ವಿಜಯಪುರ ಸೀಮೆಯಲ್ಲಿ ವಾಡೆಯ ಆರ್ಥಿಕ ಬುಡ ಅದಕ್ಕೂ ಮೊದಲೇ ಸಡಿಲಗೊಂಡಿತ್ತು. ಮುಂಬಯಿ ಸರಕಾರ 1950ರ ಕಾಯಿದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳನ್ನೂ, 1952ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳನ್ನೂ ರದ್ದು ಮಾಡಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ 1961ರ ಭೂಸುಧಾರಣೆ ಕಾಯಿದೆ ಮತ್ತು ಅದರ 1974ರ ತಿದ್ದುಪಡಿ ಬಂದವು. ಆ ಕಾಯಿದೆಯ ಚರ್ಚೆಯೆಲ್ಲ ಉಳುವವನಿಗೆ ಹೊಲ ಎಂಬುದರ ಸುತ್ತ ನಡೆಯುತ್ತದೆ. ಅದರ 38ನೆಯ ಕಲಮನ್ನು ನೆನೆಯುವವರು ಕಡಿಮೆ. ಬೇರೊಬ್ಬನ ನೆಲದ ಮೇಲಿನ ಮನೆಯಲ್ಲಿ ವಾಸವಾಗಿರುವ ಕೃಷಿಕಾರ್ಮಿಕನಿಗೆ ಆ ಮನೆಯ ಒಡೆತನ ಕೊಡುವ ಕಲಮು ಅದು. ವಾಸ್ತುಚರಿತ್ರೆಯ ವಿದ್ಯಾರ್ಥಿ ಓದಲೇಬೇಕಾದ ಪಠ್ಯವಿದು. ಸಾಲೋಟಗಿಯ 27 ಮನೆಗಳಿಂದ ಹಿಡಿದು ವಾಡೆಯ ಕೋಣೆಯವರೆಗೆ ಸೇವೆಗೆ ಕಟ್ಟಿಹಾಕಿದ್ದ ಮನೆಯನ್ನು ವಾಸಕ್ಕೆ ಕಟ್ಟಿದ್ದು ಇದೇ. ಮುಂದೆ ಇದೇ ಕಲಮಿಗೆ ಸೇರಿಸಿದ ಉಪಬಂಧದಿಂದ ತಾಂಡಾ, ಹಟ್ಟಿಗಳಂತಹ ದಾಖಲೆಯಿಲ್ಲದ ವಸತಿಗಳೂ ಹಕ್ಕಿನ ವ್ಯಾಪ್ತಿಗೆ ಬಂದವು. 2023ರ ಜನವರಿಯಲ್ಲಿ ವಿಜಯಪುರವೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಇದರಡಿ ಹಕ್ಕುಪತ್ರ ಹಂಚಿದ ಸಮಾರಂಭ ನಡೆದದ್ದು ಮಳಖೇಡದಲ್ಲಿ, ಸಾಲೋಟಗಿಯ ದಾನದ ಕಾಲದ ಅರಸು ಮೂರನೆಯ ಕೃಷ್ಣನ ರಾಜಧಾನಿಯಲ್ಲಿ. ಸ್ಥಳವನ್ನು ಆಯ್ದವರಿಗೆ ಈ ಸಂಬಂಧ ಹೊಳೆದಿರಲಾರದು.

ಹಕ್ಕು ಬರುವ ಹೊತ್ತಿಗೆ ಮನೆಯ ರೂಪವೇ ಬದಲಾಗಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರದಂತಹ ಊರುಗಳೇ ಮುಳುಗಿದವು. ಪುನರ್ವಸತಿ ಕೇಂದ್ರಗಳ ನೇರ ಬೀದಿಗಳಲ್ಲಿ ದಿನ್ನೆಯೂ ಇಲ್ಲ, ಇಳಿಜಾರೂ ಇಲ್ಲ. ವಾಡೆಯವರಿಗೂ ಕೇರಿಯವರಿಗೂ ಸಂಖ್ಯೆ ಬರೆದ ನಿವೇಶನಗಳು. ಇದನ್ನು ನಷ್ಟವೆಂದಷ್ಟೇ ಬರೆಯುವುದು ಅಪ್ರಾಮಾಣಿಕ. ಮುಳುಗದ ಊರುಗಳಲ್ಲಿ ಮೇಲ್ಮುದ್ದೆಯ ಜಾಗಕ್ಕೆ ಮೊದಲು ತಗಡು, ಆಮೇಲೆ ಸಿಮೆಂಟಿನ ಸ್ಲ್ಯಾಬು ಬರುತ್ತಿದೆ. ವರ್ಷವರ್ಷವೂ ಸವಳು ಹೊರಲು ಇಂದಿನ ಮನೆಯವರು ಸಿದ್ಧರಿಲ್ಲ. ಇರಬೇಕೆಂದು ಒತ್ತಾಯಿಸುವ ಅಧಿಕಾರ ಸಂಶೋಧಕನಿಗಿಲ್ಲ. ವಾಡೆಗಳಿಗಾದರೆ ವಂಶಸ್ಥರಿದ್ದಾರೆ, ಚಲನಚಿತ್ರ ತೆಗೆಯುವವರು ಬರುತ್ತಾರೆ, ಇಲಾಖೆಗೆ ಅರ್ಜಿ ಹೋಗುತ್ತದೆ. ಹೊರ ಅಂಗಳದ ಕೋಣೆಗಳಿಗೆ ಅರ್ಜಿ ಹಾಕುವವರಿಲ್ಲ. ವಾಡೆಯ ಜೀರ್ಣೋದ್ಧಾರದ ಮೊದಲ ದಿನವೇ ಅಂಗಳ ಚೊಕ್ಕಟವಾಗಲೆಂದು ತೆಗೆದುಹಾಕುವುದು ಅವನ್ನೇ.

ಆದ್ದರಿಂದ ಈ ಭಾಗದ ಪದವಿ ತರಗತಿಗಳಲ್ಲಿ ಕ್ಷೇತ್ರಕಾರ್ಯ ಮಾಡಿಸುವವರು ಕಂಬದ ಕೆತ್ತನೆಗೆ ಹೋಗುವ ಮುಂಚೆ ಒಂದು ಅಳತೆಪಟ್ಟಿಯನ್ನು ಹೊರ ಅಂಗಳಕ್ಕೆ ಒಯ್ಯಲಿ. ಅಂಕಣದ ಅಗಲ ಎಷ್ಟು, ಗೋಡೆಯ ಎರಡು ಮುಖಗಳನ್ನು ಮುಟ್ಟುವ ಕಲ್ಲು ಎಷ್ಟು ಮೊಳಕ್ಕೊಂದಿದೆ, ತೊಲೆ ಕಂಬದ ಮೇಲಿದೆಯೋ ಗೋಡೆಯ ಮೇಲೋ, ಬೆಳಕಿಂಡಿಯ ಮುಚ್ಚಳ ಮಡಕೆಯದೋ ಪರ್ಸಿಯದೋ, ಒಳಕಲ್ಲು ನೆಲದಲ್ಲಿ ಎಲ್ಲಿದೆ, ಪ್ರತಿಯೊಂದಕ್ಕೂ ಆ ಓಣಿಯ ಹಿರಿಯರು ಬಳಸುವ ಹೆಸರೇನು ಎಂದು ಬರೆದುಕೊಳ್ಳಲಿ. ಹೆಸರು ಕೇಳುವುದನ್ನು ಮೊದಲು ಹೆಂಗಸರಿಂದ ಆರಂಭಿಸುವುದು ಒಳ್ಳೆಯದು. ಮಾಳಿಗೆ, ಮಾಡ, ಸಾರಣೆಗಳ ಪದಸಂಪತ್ತು ಹೆಚ್ಚಾಗಿ ಅವರಲ್ಲಿದೆ. ಮಿರಗದ ಮಳೆಗೆ ಮುಂಚೆ ಹೋದರೆ, ಇನ್ನೂ ಸವಳು ಹಾಕುವ ಮನೆಗಳು ಯಾವುವೆಂಬುದು ಕಣ್ಣಿಗೇ ಕಾಣುತ್ತದೆ. ಹೊಸದಾಗಿ ಹರಡಿದ ಬಿಳಿಯ ಮಣ್ಣು ಕುಂಬಿಯ ಅಂಚಿನಿಂದ ಬೀದಿಗೆ ಉದುರಿರುತ್ತದೆ.